ಖಾಲಿ ಗೋಡೆಯ ಎದುರು ಆರು ಹುಡುಗಿಯರು

ಪಕ್ಕದ ಮನೆಯವರು ಒಲೆಯ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದಾರೆ. ಮೊಮ್ಮಗಳ ಶಾಲೆಯ ಯಾವುದೋ ಚಾರ್ಟಿಗಂತೆ. ಹಿಟ್ಟು ಬೆಂದು ಗಟ್ಟಿಯಾಗುವಾಗ ಏಳುವ ಆ ಸಪ್ಪೆ ವಾಸನೆ ನಿಮಗೂ ಗೊತ್ತಿರಬಹುದು. ಹೆಚ್ಚಿನವರಿಗೆ ಅದು ಸಿನಿಮಾ ಪೋಸ್ಟರಿನ ವಾಸನೆ. ನನಗೆ ಅದು ಸರೋಜ ಟೀಚರ ವಾಸನೆ. ಹೀಗೆ ಬರೆದರೆ ಅವರು ಬೇಸರ ಮಾಡಿಕೊಳ್ಳುವವರಲ್ಲ. ಇದಕ್ಕಿಂತ ಕೆಟ್ಟದ್ದನ್ನು ನಾನು ಅವರ ಬಗ್ಗೆ ಬರೆದಿದ್ದೆ, ಅದೂ ಕರಿಹಲಗೆಯ ಮೇಲೆ, ದೊಡ್ಡ ಅಕ್ಷರದಲ್ಲಿ.

ಎಪ್ಪತ್ತರ ದಶಕದ ಕೊನೆ. ನರಸಿಂಹರಾಜಪುರದಲ್ಲಿ ಊರಿನ ಕಮಿಟಿಯೊಂದು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಒಂಬತ್ತನೇ ತರಗತಿ. ನಮ್ಮ ಅಬ್ಬ ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್. ಶಾಲೆಯ ಯೂನಿಫಾರ್ಮ್ ಎಲ್ಲ ಅವರದೇ ಹೊಲಿಗೆ. ಇಡೀ ಶಾಲೆಯ ಅಳತೆ ನಮ್ಮ ಮನೆಯ ಪುಸ್ತಕದಲ್ಲಿದೆ ಎಂಬ ಜಂಭ ನನಗೆ. ಆ ವರ್ಷ ವಿಜ್ಞಾನಕ್ಕೆ ಹೊಸ ಟೀಚರ್ ಬಂದರು. ಬಸರೀಕಟ್ಟೆ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿದವರು, ಕೂಲಿಯವರ ಮಗಳು, ಓದಿ ಮೇಲೆ ಬಂದವರು. ಅದೆಲ್ಲ ನಮ್ಮ ಕಣ್ಣಿಗೆ ಬೀಳಲಿಲ್ಲ, ಬಣ್ಣ ಮಾತ್ರ ಬಿತ್ತು. ಎರಡನೇ ದಿನ ಅವರು ಬರುವ ಮೊದಲೇ ಹಲಗೆಯ ಮೇಲೆ ‘ಕರಿ ಟೀಚರ್’ ಎಂದು ಬರೆದು ಬಂದು ಕೂತೆ. ಎಲ್ಲರೂ ನಕ್ಕರು. ಅಷ್ಟು ಜನರನ್ನು ನಗಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಟೀಚರ್ ಬಂದರು, ಓದಿದರು, ಒರೆಸಲಿಲ್ಲ.

“ಯಾರು ಬರೆದಿದ್ದು ಅಂತ ಕೇಳೋದಿಲ್ಲ. ಬರೆದಿದ್ದು ಸುಳ್ಳೂ ಅಲ್ಲ. ಆದ್ರೆ ಕರಿ ಅಂದ್ರೆ ಎಂತ ಅಂತ ಬರೆದವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಕಲಿಸೋದಕ್ಕೇ ನಾನು ಬಂದಿರೋದು. ಶನಿವಾರ ಕೊನೇ ಪೀರಿಯಡ್ಡಿಗೆ ಯಾರೂ ಓಡಿ ಹೋಗಬೇಡಿ.”

ಹಾಗೆ ಶುರುವಾಯಿತು. ತೋಟದ ಬಂಗಲೆಯಿಂದ ರದ್ದಿಗೆ ಹೋಗಬೇಕಾದ ಇಂಗ್ಲಿಷ್ ಪತ್ರಿಕೆಗಳನ್ನು ಟೀಚರ ಅಪ್ಪ ಮನೆಗೆ ತರುತ್ತಿದ್ದರಂತೆ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ತಮ್ಮ ಬಣ್ಣದವರ ಚಿತ್ರ ಕಂಡರೆ ಕತ್ತರಿಸಿ ಮಗಳಿಗೆ ಕೊಟ್ಟು, “ಇವರು ಎಂತ ಮಾಡಿದ್ರಂತೆ, ಓದಿ ಹೇಳು” ಎನ್ನುತ್ತಿದ್ದರಂತೆ. ಆ ಚಿತ್ರಗಳೇ ನಮ್ಮ ಪಾಠ. ಅಮೆರಿಕದ ಕಪ್ಪು ಜನ. ಅಜ್ಜ ಮುತ್ತಜ್ಜಂದಿರು ಸಂತೆಯಲ್ಲಿ ದನ ಮಾರಿದ ಹಾಗೆ ಮಾರಾಟವಾದವರು.

ಅವರ ಹೆಸರು ಹೇಳಲು ನಮ್ಮ ನಾಲಿಗೆ ಹೊರಳಲಿಲ್ಲ. ನಾವೇ ಹೆಸರಿಟ್ಟೆವು. ಹತ್ತಿ ಬೆಳೆದು ಬೆಳೆದು ಸತ್ತ್ವ ಕಳೆದುಕೊಂಡ ಹೊಲಗಳಲ್ಲಿ ಕಡಲೆಕಾಯಿ ಹಾಕಿಸಿ ಬಡ ರೈತರನ್ನು ಎತ್ತಿ ನಿಲ್ಲಿಸಿದ, ಗುಲಾಮರ ಮನೆಯಲ್ಲಿ ಹುಟ್ಟಿದ ವಿಜ್ಞಾನಿ ಕಡಲೆಕಾಯಿ ಮೇಷ್ಟ್ರಾದರು. ಬಲ್ಬಿನ ಒಳಗಿನ ತಂತು ಹೆಚ್ಚು ಕಾಲ ಉರಿಯುವಂತೆ ಮಾಡಿದವರು ಬಲ್ಬಿನಣ್ಣ. ತಾನು ತಪ್ಪಿಸಿಕೊಂಡು ಬಂದಮೇಲೂ ಗುಲಾಮರ ನಾಡಿಗೆ ಮತ್ತೆ ಮತ್ತೆ ಹೋಗಿ ಉಳಿದವರನ್ನು ಕಾಡುದಾರಿಯಲ್ಲಿ ಕರೆತಂದಾಕೆ ದಾರಿಯಮ್ಮ. ಬಿಳಿಯರೇ ಮೇಲು ಎನ್ನುತ್ತಿದ್ದ ಸರ್ವಾಧಿಕಾರಿಯ ಕಣ್ಣೆದುರೇ ನಾಲ್ಕು ಚಿನ್ನ ಗೆದ್ದವನು ಓಟದಣ್ಣ. ನನಗೆ ಇಷ್ಟವಾದವರು ರಕ್ತದ ಡಾಕ್ಟರು. ರಕ್ತದ ದ್ರವವನ್ನು ಕೆಡದಂತೆ ಕೂಡಿಡುವ ದಾರಿ ತೋರಿಸಿ, ಯುದ್ಧದಲ್ಲಿ ಎಷ್ಟೋ ಜೀವ ಉಳಿಯುವಂತೆ ಮಾಡಿದವರು. ಅವರ ದೇಶದ ಸೈನ್ಯವೇ ಕಪ್ಪು ಜನರ ರಕ್ತ ಬೇರೆ ಇಡಿ ಎಂದಾಗ, ಇದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ ಎಂದು ಎದುರು ಹೇಳಿದವರು.

ಆರನೆಯವರು ಬಸ್ಸಿನಕ್ಕ. ಬಿಳಿಯನಿಗೆ ಸೀಟು ಬಿಡು ಎಂದರೆ ಏಳದೆ ಕೂತು ಜೈಲಿಗೆ ಹೋದಾಕೆ. ಅದನ್ನು ಕೇಳಿದ ಶನಿವಾರ ಹಿಂದಿನ ಬೆಂಚಿನಿಂದ ಗಿರಿಜ ಎದ್ದು ನಿಂತಳು. ಸೀತೂರಿನ ಕೂಲಿಯವರ ಮಗಳು. ಅವಳು ಯಾವಾಗಲೂ ಹಿಂದಿನ ಬೆಂಚೇ. ಶಾಲೆಯ ಕೊಡದಿಂದ ಅವಳು ನೀರು ಬಗ್ಗಿಸಿಕೊಳ್ಳುತ್ತಿರಲಿಲ್ಲ, ಬೇರೆಯವರು ಮೇಲಿನಿಂದ ಹೊಯ್ಯಬೇಕಿತ್ತು. ಹಾಗೆಂದು ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

“ಟೀಚರ್, ಅವರಿಗೆ ಹೆದರಿಕೆ ಆಗಲಿಲ್ವಾ?”

“ಆಗಿರಬಹುದು. ಹೆದರಿಕೊಂಡೇ ಕೂತಿದ್ರು ಅಂತ ಇಟ್ಕೋ. ಏಳಲಿಲ್ಲ, ಅಷ್ಟೆ.”

ವಾರ್ಷಿಕೋತ್ಸವಕ್ಕೆ ಆರು ಜನರ ಆರು ಚಾರ್ಟ್ ಮಾಡಿದೆವು. ಮೈದಾ ಅಂಟಿಗೆ ಹುಳ ಬೀಳದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿ, ಸಭಾಂಗಣದ ಗೋಡೆಗೆ ಅಂಟಿಸಿದೆವು. ಬಸ್ಸಿನಕ್ಕನ ಚಿತ್ರದ ಕೆಳಗೆ ಟೀಚರ್ ತಾವೇ ಬರೆದರು: ‘ನಮ್ಮೂರಲ್ಲಿ ಯಾರು ಯಾರಿಗೆ ಸೀಟು ಬಿಡುತ್ತಿದ್ದಾರೆ?’

ಹಿಂದಿನ ದಿನ ಮಧ್ಯಾಹ್ನ ಏರ್ಪಾಡು ನೋಡಲು ಬಂದ ಕಮಿಟಿಯ ಅಧ್ಯಕ್ಷರು ಆ ಸಾಲಿನ ಮುಂದೆ ಬಹಳ ಹೊತ್ತು ನಿಂತರು.

“ಎಂಥದ್ದಮ್ಮ ಇದು? ನಮ್ಮ ದೇಶದಲ್ಲಿ ದೊಡ್ಡವರು ಯಾರೂ ಸಿಗಲಿಲ್ವಾ?”

“ಇದ್ದಾರೆ ಸಾರ್. ಅವರ ಚಾರ್ಟ್ ಮುಂದಿನ ವರ್ಷ ಮಾಡ್ತೀವಿ. ಅದು ಇನ್ನೂ ಕಷ್ಟ ಆಗ್ತದೆ, ನಿಮಗೆ.”

ಅಧ್ಯಕ್ಷರ ಮುಖ ಕೆಂಪಾಯಿತು. “ಸಂಜೆಯೊಳಗೆ ಗೋಡೆ ಖಾಲಿ ಆಗ್ಬೇಕು” ಎಂದು ಹೋದರು.

ಟೀಚರೇ ಬ್ಲೇಡು ಹಿಡಿದು ಒಂದೊಂದೇ ಚಾರ್ಟ್ ಬಿಡಿಸಿದರು. ನಾನು ಬೆಂಚು ಹಿಡಿದುಕೊಂಡಿದ್ದೆ. ತಡೆಯಲಾಗದೆ ಹೇಳಿಬಿಟ್ಟೆ, “ಟೀಚರ್, ಅವತ್ತು ಹಲಗೆ ಮೇಲೆ ಬರೆದಿದ್ದು ನಾನು.”

“ಗೊತ್ತುಂಟು ಮಾರಾಯ್ತಿ. ಪರೀಕ್ಷೆ ಪೇಪರ್ ತಿದ್ದೋಳು ನಾನು, ನಿನ್ನ ಅಕ್ಷರ ಗೊತ್ತಾಗೋದಿಲ್ವಾ?” ಅವರು ಬೆಂಚಿನಿಂದ ಇಳಿದರು. “ಅಳಬೇಡ. ಗೋಡೆ ಖಾಲಿ ಮಾಡಿ ಅಂದ್ರು, ಬಾಯಿ ಮುಚ್ಚಿ ಅನ್ನಲಿಲ್ಲ. ನಾಳೆ ಚಿತ್ರ ಇದ್ದ ಜಾಗದಲ್ಲಿ ನೀವೇ ನಿಲ್ತೀರಾ? ಮನಸ್ಸಿದ್ದವರು ಮಾತ್ರ.”

ಆರು ಜನ ಆದೆವು. ರಕ್ತದ ಡಾಕ್ಟರು ನನ್ನ ಪಾಲಿಗೆ, ಬಸ್ಸಿನಕ್ಕ ಗಿರಿಜಳ ಪಾಲಿಗೆ. ನಮ್ಮ ಮಾತು ಒಳಗೇ ಉಳಿಯಲಿಲ್ಲ. ಮನೆಗೆ ಬಂದಾಗ ಅಬ್ಬ ಮೆಷಿನ್ ನಿಲ್ಲಿಸಿ ಕೂತಿದ್ದರು.

“ಅಧ್ಯಕ್ಷರು ಅಂಗಡಿಗೆ ಬಂದಿದ್ರು. ಮಗಳಿಗೆ ಬುದ್ಧಿ ಹೇಳು, ಇಲ್ಲಾಂದ್ರೆ ಯೂನಿಫಾರ್ಮ್ ಬೇರೆಯವರಿಗೆ ಕೊಡ್ತೀವಿ ಅಂದ್ರು.”

“ನೀವು ಎಂತ ಹೇಳಿದ್ರಿ?”

“ಎಂತ ಹೇಳೋದು? ಬಾಯಲ್ಲಿ ಗುಂಡುಸೂಜಿ ಇತ್ತು.” ಅಳತೆ ಟೇಪು ಕೈಗೆತ್ತಿಕೊಂಡು ಕೇಳಿದರು, “ಡಾಕ್ಟರು ಅಂದ್ರೆ ಬಿಳಿ ಕೋಟು ಬೇಡ್ವಾ? ಬಾ ಇಲ್ಲಿ, ಕೈ ಎತ್ತು.” ಉಳಿದಿದ್ದ ಲೈನಿಂಗ್ ಬಟ್ಟೆಯಲ್ಲಿ ಒಂದು ಗಂಟೆಯಲ್ಲಿ ಕೋಟು ಹೊಲಿದರು. ತೋಳು ಒಂದು ಸ್ವಲ್ಪ ಉದ್ದವಾಗಿತ್ತು. ಅಬ್ಬನ ಅಳತೆ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಮಧ್ಯಾಹ್ನ ಸಭೆ ತುಂಬಿತ್ತು. ವೇದಿಕೆಯ ಮೇಲೆ ಅತಿಥಿಗಳ ಕುರ್ಚಿಗಳು. ಪ್ರಾರ್ಥನೆ ಮುಗಿದದ್ದೇ ನಾವು ಆರು ಜನ ಹೋಗಿ, ಹರಿದ ಕಾಗದದ ಚೂರು ಇನ್ನೂ ಅಂಟಿಕೊಂಡಿದ್ದ ಗೋಡೆಯ ಎದುರು ನಿಂತೆವು. ಅತಿಥಿಗಳ ಮುಂದೆ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ಕಡಲೆಕಾಯಿ ಮೇಷ್ಟ್ರು ಮಾತಾಡಿದರು, ಬಲ್ಬಿನಣ್ಣ ಮಾತಾಡಿದ, ದಾರಿಯಮ್ಮ, ಓಟದಣ್ಣ. ನನ್ನ ಸರದಿಯಲ್ಲಿ ಅರ್ಧ ಮರೆತೆ. ನೆನಪಿದ್ದ ಒಂದೇ ಸಾಲನ್ನು ಕೂಗಿದೆ: “ರಕ್ತದಲ್ಲಿ ಜಾತಿ ಹುಡುಕಿದವರಿಗೆ ವಿಜ್ಞಾನ ಗೊತ್ತಿಲ್ಲ!” ಡಾಕ್ಟರು ಹೇಳಿದ್ದು ಬಣ್ಣದ ಬಗ್ಗೆ. ಜಾತಿ ಅಂತ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ, ಬಂತು.

ಆಮೇಲೆ ಗಿರಿಜ ನಡೆದು ವೇದಿಕೆ ಹತ್ತಿದಳು. ಬಸ್ಸಿನಕ್ಕನಿಗೆ ಸೀಟು ಬೇಕಲ್ಲ. ಅಧ್ಯಕ್ಷರ ಪಕ್ಕದಲ್ಲಿ ಖಾಲಿ ಇದ್ದ ಕುರ್ಚಿಯಲ್ಲಿ ಕೂತಳು.

“ಏಯ್, ಏಳು ಅಲ್ಲಿಂದ” ಎಂದರು ಅಧ್ಯಕ್ಷರು.

“ನಾನು ಏಳೋದಿಲ್ಲ.”

ಅದು ಅವಳ ಪಾಠದ ಮಾತು. ಅದೊಂದೇ ಮಾತು ಅವಳಿಗಿದ್ದದ್ದು.

“ಏಳ್ತೀಯೋ ಇಲ್ವೋ?”

“ನಾನು ಏಳೋದಿಲ್ಲ.”

ನಾಟಕವೋ ನಿಜವೋ ಎಂದು ಸಭೆಗೆ ತಿಳಿಯಲಿಲ್ಲ. ಅಧ್ಯಕ್ಷರು ಎದ್ದು ನಿಂತಿದ್ದರು, ಗಿರಿಜ ಕೂತಿದ್ದಳು. ಕುರ್ಚಿಯ ಅಂಚನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹಿಂದೆ ನಿಂತಿದ್ದ ಹೆಂಗಸರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಸೇರಿದರು. ಬಾಗಿಲ ಹತ್ತಿರ ಅಬ್ಬನೂ ತಟ್ಟಿದರು. ಅಧ್ಯಕ್ಷರು ವೇದಿಕೆ ಇಳಿದು ಹೊರಟುಹೋದರು.

ಗೆದ್ದೆವು ಎಂದು ನಿಮಗೆ ಅನಿಸಿದರೆ ಸ್ವಲ್ಪ ತಡೆಯಿರಿ. ಗಿರಿಜಳನ್ನು ಶಾಲೆಯಿಂದ ತೆಗೆಯಬೇಕೆಂದು ಕಮಿಟಿ ಕೂತಿತು. ‘ಹೇಳಿಕೊಟ್ಟವಳು ನಾನು, ಮಕ್ಕಳ ತಪ್ಪಿಲ್ಲ’ ಎಂದು ಟೀಚರ್ ಬರೆದುಕೊಟ್ಟು ಅವಳನ್ನು ಉಳಿಸಿದರು, ತಾವು ಕೆಲಸ ಕಳೆದುಕೊಂಡರು. ಯೂನಿಫಾರ್ಮ್ ಕೊಪ್ಪದ ಟೈಲರಿಗೆ ಹೋಯಿತು. “ಮದುವೆ ಬಟ್ಟೆ ಹೊಲಿದ್ರಾಯ್ತು, ಜನ ಮದುವೆ ಆಗೋದು ನಿಲ್ಲಿಸ್ತಾರಾ?” ಎಂದರು ಅಬ್ಬ. ಆದರೂ ಆ ಜೂನ್ ತಿಂಗಳಿಡೀ ಅವರು ಅಂಗಡಿಯ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದದ್ದು ನನಗೆ ನೆನಪಿದೆ.

ಟೀಚರಿಗೆ ಶೃಂಗೇರಿ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಒಂದು ಕಾರ್ಡು ಬರೆದಿದ್ದರು: “ಇಲ್ಲಿ ಗೋಡೆ ಇನ್ನೂ ದೊಡ್ಡದಿದೆ.” ಅವರೀಗ ಇಲ್ಲ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ರಕ್ತದ ಬಾಟಲಿಗಳಿಗೆ ಗುಂಪಿನ ಚೀಟಿ ಅಂಟಿಸಿದೆ. ಯಾರದು ರಕ್ತ ಎಂದು ಗುಟ್ಟಾಗಿ ವಿಚಾರಿಸಿದವರಿಗೆ ಬಿ ಪಾಸಿಟಿವ್‌ನವರದು ಎಂದಷ್ಟೇ ಹೇಳಿದೆ.

ಇಷ್ಟು ಬರೆದು, ಗಿರಿಜಳಿಗೆ ಫೋನ್ ಮಾಡಿದೆ. ಅವಳೂ ಟೀಚರಾಗಿ ನಿವೃತ್ತಳಾದವಳು. ಇದನ್ನೆಲ್ಲ ಬರೆಯುತ್ತಿದ್ದೇನೆ, ನಿನ್ನ ಹೆಸರು ಹಾಕಲಾ, ಬೇರೆ ಹೆಸರು ಇಡಲಾ ಎಂದು ಕೇಳಿದೆ.

“ನನ್ನದೇ ಹಾಕು. ಬೇರೆಯವರ ಹೆಸರು ಯಾಕೆ?”

“ಈಗ ಯಾರಾದ್ರೂ ಬಂದು ಏಳು ಅಂದ್ರೆ ಏಳ್ತೀಯಾ?”

“ಮಂಡಿ ನೋವು ಮಾರಾಯ್ತಿ, ಏಳೋದಕ್ಕೆ ಆಗೋದಿಲ್ಲ” ಎಂದಳು. ಆಮೇಲೆ, “ಆಗಿದ್ರೂ ಏಳ್ತಿರಲಿಲ್ಲ.”