ಗೆಳತಿಯ ಮಗಳ ಚಾನ್ಸು

‘ಚಾನ್ಸ್ ಎಷ್ಟು?’ ಎಂದು ಯಾರಾದರೂ ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಉರಿದುಕೊಳ್ಳುವ ಹಕ್ಕು ನನಗಿಲ್ಲ, ಅದೂ ಗೊತ್ತಿದೆ. ದೀಪಾವಳಿಯಿಂದ ಡಿಸೆಂಬರ್‌ವರೆಗೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನಲ್ಲಿ ಸಿಕ್ಕಸಿಕ್ಕವರಿಗೆ ಇದೇ ಪ್ರಶ್ನೆ ಹಾಕಿ ಜೀವ ತಿಂದವಳು ನಾನೇ.

ಹನ್ನೆರಡನೇ ಕ್ಲಾಸಿನಲ್ಲಿರುವ ನನ್ನ ಮಗಳು ಅನಘಾ ಅಮೆರಿಕದ ಪೂರ್ವ ತೀರದ ಒಂದು ದೊಡ್ಡ ಬಿಸಿನೆಸ್ ಸ್ಕೂಲಿಗೆ ‘ಅರ್ಲಿ ಡಿಸಿಷನ್’ನಲ್ಲಿ ಅರ್ಜಿ ಹಾಕಿದ್ದಳು. ಅಂದರೆ, ಎಲ್ಲರಿಗಿಂತ ಮೊದಲೇ ಒಂದೇ ಒಂದು ಕಾಲೇಜನ್ನು ಆರಿಸಿ, ‘ನೀವು ಸೀಟು ಕೊಟ್ಟರೆ ಬೇರೆಲ್ಲವನ್ನೂ ಬಿಟ್ಟು ಬರುತ್ತೇನೆ’ ಎಂದು ಮಾತು ಕೊಡಬೇಕು. ಮಗಳ ಸಹಿ ಸಾಲದು, ನಮ್ಮದೂ ಬೇಕು. ಕಾಲೇಜು ಮಾತ್ರ ಯಾವ ಮಾತನ್ನೂ ಕೊಡುವುದಿಲ್ಲ! ನಮ್ಮ ಧಾರವಾಡದ ಕಡೆ ಮದುವೆ ನಿಶ್ಚಯವೆಂದರೆ ಎರಡೂ ಕಡೆಯವರು ಎಲೆ ಅಡಿಕೆ ಬದಲಾಯಿಸಿಕೊಳ್ಳುತ್ತಾರೆ. ಇಲ್ಲಿಯ ಗಂಡಿನ ಕಡೆಯವರು ಸಾವಿರಾರು ಮನೆಗಳ ತಾಂಬೂಲ ಇಸಿದುಕೊಂಡು, ‘ಡಿಸೆಂಬರಿನಲ್ಲಿ ತಿಳಿಸುತ್ತೇವೆ’ ಎನ್ನುತ್ತಾರೆ. ಇದು ಯಾವ ಊರಿನ ನ್ಯಾಯ?

ಕಾಲೇಜಿನ ಸುದ್ದಿಯನ್ನು ಸೀಟು ಸಿಗುವ ಮೊದಲು ಬಾಯಿಬಿಟ್ಟರೆ ದೃಷ್ಟಿಯಾಗುತ್ತದೆ ಎಂಬುದು ಟೆಕ್ಸಸ್ಸಿನ ನಮ್ಮ ಕನ್ನಡ ಮನೆಗಳಲ್ಲಿ ಯಾರೂ ಬರೆಯದ ಕಾನೂನು. ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್‌ನಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳ ತಾಯಂದಿರು ‘ಇನ್ನೂ ಏನೂ ಡಿಸೈಡ್ ಮಾಡಿಲ್ಲರಿ’ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಲೇ ಚಿತ್ರಾನ್ನ ಬಡಿಸುತ್ತಾರೆ. ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಆದರೆ ಯಾರನ್ನೂ ಕೇಳದೆ ಇರಲಾಗಬೇಕಲ್ಲ? ಒಂದು ಉಪಾಯ ಹೂಡಿದೆ. ಮಗಳನ್ನು ‘ನನ್ನ ಗೆಳತಿಯ ಮಗಳು’ ಮಾಡಿಬಿಟ್ಟೆ.

“ನನ್ನ ಗೆಳತಿ ಮಗಳೊಬ್ಬಾಕಿ ಇದ್ದಾಳ್ರಿ. ವಯೊಲಿನ್ ನುಡಸ್ತಾಳ, ಹಳೇ ಸೈಕಲ್ ರಿಪೇರಿ ಮಾಡಿ ಮಕ್ಕಳಿಗೆ ಹಂಚೋ ಕ್ಲಬ್ ನಡಸ್ತಾಳ. ಚಾನ್ಸ್ ಎಷ್ಟದರಿ?”

ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಗೆಳತಿ ಸುನಂದಾಳನ್ನು ಕೇಳಿದೆ. ಆಸ್ಟಿನ್‌ನಲ್ಲಿ ಎಂಎಸ್ ಓದುತ್ತಿರುವ ನನ್ನ ತಮ್ಮನ ಮಗನನ್ನು ಕೇಳಿದೆ. ಅವನಿಗೂ ಅದೇ ಗೆಳತಿ, ಅದೇ ಮಗಳು! ಹ್ಯೂಸ್ಟನ್‌ನಲ್ಲಿ ಎಣ್ಣೆ ಕಂಪನಿಯ ಎಂಜಿನಿಯರ್ ಆಗಿರುವ ದೇಸಾಯಿ ಅಂಕಲ್ ಅಂತೂ ತಮ್ಮ ಇಬ್ಬರು ಮಕ್ಕಳು ಕಾಲೇಜು ಸೇರಿದ ಮೇಲೆ ಈ ವಿದ್ಯೆಯಲ್ಲಿ ಪಂಡಿತರು.

“ಅರ್ಲಿ ಹಾಕ್ಯಾಳಂದ್ರ ಚಾನ್ಸ್ ಛಲೋನ ಅದ. ಆದ್ರ ಬಿಸಿನೆಸ್ಸಿಗೆ ಕಾಂಪಿಟಿಷನ್ ಭಾಳ ಬಿಡ್ರಿ,” ಎಂದರು.

ಅಲ್ಲ, ಇಷ್ಟು ಹೇಳಲು ಪಂಡಿತರೇ ಬೇಕೆ? ಗಿಣಿಶಾಸ್ತ್ರದವನ ಗಿಣಿಯೂ ಇದಕ್ಕಿಂತ ಖಚಿತವಾಗಿ ಒಂದು ಚೀಟಿ ಎತ್ತಿ ಕೊಡುತ್ತದೆ.

ಡಿಸೆಂಬರಿನ ಆ ಸಂಜೆ ಸೀಟು ಸಿಗಲಿಲ್ಲವೆಂದು ತಿಳಿಯಿತು. ಅನಘಾ ಲ್ಯಾಪ್‌ಟಾಪ್ ಮುಚ್ಚಿ ಮಹಡಿ ಹತ್ತಿ ಹೋದಳು. ನಾನು ಕಾಲೇಜಿಗೆ ಹಿಡಿಶಾಪ ಹಾಕುತ್ತ ಚಪಾತಿ ಲಟ್ಟಿಸುತ್ತಿದ್ದೆ. ಅಷ್ಟರಲ್ಲಿ ಸುನಂದಾಳ ಫೋನು. ಕೈಯೆಲ್ಲ ಹಿಟ್ಟಾಗಿದ್ದರಿಂದ ಸ್ಪೀಕರಿಗೆ ಹಾಕಿದೆ.

“ನಿಮ್ಮ ಗೆಳತಿ ಮಗಳದು ಏನಾತ್ರಿ?”

“ಪಾಪ, ಆಗಲಿಲ್ಲಂತ್ರಿ. ಗೆಳತಿ ಭಾಳ ಬ್ಯಾಸರಾ ಮಾಡ್ಕೊಂಡಾಳ,” ಎಂದೆ, ಸರಾಗವಾಗಿ.

ತಿರುಗಿ ನೋಡಿದರೆ ಅನಘಾ ಖಾಲಿ ನೀರಿನ ಬಾಟಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಂದು ಕನ್ನಡದಲ್ಲಿ ಕೇಳಿದಳು: “ಸಿಕ್ಕಿದ್ರ ನಾ ಯಾರ ಮಗಳಾಗ್ತಿದ್ದೆ, ಅಮ್ಮಾ?”

ನಾಚಿಕೆಯಿಂದ ಸತ್ತು ಹೋದೆ. ದೃಷ್ಟಿಗೆ ಹೆದರಿದೆ ಅಂತ ಹೇಳಬಹುದಿತ್ತು, ಅದು ಅರ್ಧ ಸತ್ಯ. ಸೋತರೆ ಯಾರ ಮುಂದೆಯೂ ತಲೆ ತಗ್ಗಿಸುವುದು ಬೇಡ ಎಂಬುದು ಇನ್ನರ್ಧ. ಕಾಲೇಜಿನವರು ನನ್ನ ಮಗಳನ್ನು ಡಿಸೆಂಬರಿನಲ್ಲಿ ಬೇಡವೆಂದರು. ಅವರಿಗಿಂತ ಮೊದಲು, ದೀಪಾವಳಿಯಲ್ಲೇ, ನಾನು ಅಂದಾಗಿತ್ತು.

ಫೋನಿನ ಕಡೆ ಬಾಗಿ ಹೇಳಿದೆ: “ಸುನಂದಾ, ಗೆಳತಿ ಯಾರೂ ಇಲ್ಲರಿ. ಆಕಿ ನನ್ನ ಮಗಳು. ನಮ್ಮ ಅನಘಾ.”

“ನನಗ ಮೊದಲನೇ ದಿನಾನ ಗೊತ್ತಾಗಿತ್ತಲ್ರಿ,” ಎಂದಳು ಸುನಂದಾ. “ನೀವು ಒಪ್ಕೊಳ್ಳಿಕ್ಕೇ ಇಷ್ಟು ದಿನಾ ತಗೊಂಡ್ರಿ.”