ಸಿಸ್ಟರ್ ಮೆಚ್ಚಿದ ಶುಗರ್ ಪುಸ್ತಕ

ಆ ಸಿಸ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ದೊಡ್ಡ ಮನಸ್ಸು ಮಾಡು ಎಂದು ನನ್ನ ಗಂಡ ಹೇಳುತ್ತಲೇ ಇರುತ್ತಾರೆ. ನನ್ನ ಮನಸ್ಸು ಇರುವ ಅಳತೆಯಲ್ಲೇ ಚೆನ್ನಾಗಿದೆ.

ಮಗಳಿಗೆ ಒಂಬತ್ತು ವರ್ಷವಿದ್ದಾಗ ಶುಗರ್ ಬಂತು. ಮಕ್ಕಳಿಗೆ ಬರುವ ಜಾತಿಯದು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕಾದದ್ದು. ನಾವಿರುವುದು ಜರಗನಹಳ್ಳಿಯ ಬಾಡಿಗೆ ಮನೆಯಲ್ಲಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ತಿಂಗಳಿಗೊಮ್ಮೆ ಬನಶಂಕರಿಯಲ್ಲಿ ಬಸ್ಸು ಬದಲಿಸಿ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದೆವು. ಇನ್ಸುಲಿನ್, ಬೆರಳು ಚುಚ್ಚಿ ನೋಡುವ ಮೀಟರು, ಸ್ಟ್ರಿಪ್ಪು ಎಲ್ಲ ಅಲ್ಲಿ ಉಚಿತ. ಬೈಗುಳವೂ ಉಚಿತ.

ಬೈಯುವುದು ಸಿಸ್ಟರ್ ಕೆಲಸ. ಡಾಕ್ಟರ ಕೋಣೆಗೆ ಹೋಗುವ ಮೊದಲು ಅವರ ಮೇಜಿನ ಮುಂದೆ ನಿಂತು ಶುಗರ್ ಪುಸ್ತಕ ತೋರಿಸಬೇಕು. ದಿನಾ ಮೀಟರಿನಲ್ಲಿ ಬಂದ ಅಂಕಿಗಳನ್ನು ಅದರಲ್ಲಿ ಬರೆದಿರಬೇಕು. ಮೊದಲ ತಿಂಗಳು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡು ಹೋದೆ. ಮುನ್ನೂರ ಹತ್ತು ಎಂಬಲ್ಲಿ ಅವರ ಪೆನ್ನು ನಿಂತಿತು.

"ಏನಮ್ಮಾ, ಮಗೀಗೆ ಜಾಮೂನ್ ಅಂಗಡಿ ಇಟ್ಕೊಟ್ಟಿದ್ದೀಯಾ?"

ಸಾಲಿನಲ್ಲಿ ನಿಂತವರು ನಕ್ಕರು. ಮಗಳು ನನ್ನ ಸೆರಗಿನ ಹಿಂದೆ ಸೇರಿಕೊಂಡಳು.

"ಇಲ್ಲ ಸಿಸ್ಟರ್, ಜ್ವರ ಬಂದಿತ್ತು."

"ಜ್ವರಕ್ಕೆ ಮುನ್ನೂರು ಬರುತ್ತಾ? ಯಾರ್ಗ್ ಹೇಳ್ತೀಯ ಕತೆ? ಹಿಂಗೇ ಸಾಕಿದ್ರೆ ಕಣ್ಣು ಹೋಗುತ್ತೆ, ಕಿಡ್ನಿ ಹೋಗುತ್ತೆ. ಆಮೇಲ್ ನನ್ ಹತ್ರ ಬಂದು ಅಳ್ಬೇಡ."

ಒಂಬತ್ತು ವರ್ಷದ ಮಗುವಿನ ಎದುರಿಗೇ ಹೇಳಿದರು. ಜ್ವರ ಬಂದರೆ ಶುಗರ್ ಏರುತ್ತದೆ ಎಂದು ಆಮೇಲೆ ಡಾಕ್ಟರೇ ಹೇಳಿದರು. ಆದರೆ ಅವರು ಹೇಳಿದ್ದು ಬಾಗಿಲು ಹಾಕಿದ ಕೋಣೆಯಲ್ಲಿ.

ಇನ್ನೆರಡು ತಿಂಗಳು ಇದೇ ಪೂಜೆ ನಡೆಯಿತು. ನಾಲ್ಕನೆಯ ತಿಂಗಳಿನಿಂದ ನಾನು ಪುಸ್ತಕವನ್ನೂ ಹೊಲಿಯಲು ಶುರುಮಾಡಿದೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನೀಲಿ ಪೆನ್ನು, ಕಪ್ಪು ಪೆನ್ನು ಎರಡೂ ಇಟ್ಟುಕೊಂಡು ಕೂರುವುದು. ನೂರ ಹನ್ನೆರಡು, ತೊಂಬತ್ತೆಂಟು, ನೂರ ಮೂವತ್ತೊಂದು. ದೃಷ್ಟಿಬೊಟ್ಟಿನ ಹಾಗೆ ತಿಂಗಳಿಗೊಂದು ನೂರ ಎಂಬತ್ತು. ದಿನಾ ಅಡುಗೆಮನೆಯಲ್ಲಿ ಬರೆದಂತೆ ಕಾಣಲಿ ಎಂದು ಅಲ್ಲಲ್ಲಿ ಅರಿಸಿನದ ಬೆರಳು ಒತ್ತುತ್ತಿದ್ದೆ. ಸಿಸ್ಟರ್ ಖುಷಿಯಾದರು. "ಬುಕ್ ಅಂದ್ರೆ ಹಿಂಗಿರ್ಬೇಕು" ಎಂದು ನನ್ನ ಪುಸ್ತಕವನ್ನು ಎತ್ತಿ ಬೇರೆ ತಾಯಂದಿರಿಗೆ ತೋರಿಸಿದರು. ಹೀಗೆ ಮೂರು ವರ್ಷ ನಾನು ಮಾದರಿ ತಾಯಿಯಾಗಿದ್ದೆ.

ಮಗಳು ಎಂಟನೇ ಕ್ಲಾಸಿಗೆ ಬಂದ ವರ್ಷ ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿ ಶುಗರ್ ಇಳಿದು ಬಿದ್ದಳು. ಹೂ ಮಾರುವಾಕೆ ಹಿಡಿದುಕೊಳ್ಳದಿದ್ದರೆ ಬಸ್ಸಿನ ಚಕ್ರದ ಮುಂದಕ್ಕೇ ಹೋಗುತ್ತಿದ್ದಳು. ಇಳಿಯುವುದು ಅವಳಿಗೆ ಗೊತ್ತಾಗುವುದಿಲ್ಲ. ಬೆವರಿಲ್ಲ, ನಡುಕವಿಲ್ಲ, ನೇರ ಬೀಳುವುದೇ. ಅದೇ ಸಮಯಕ್ಕೆ ಆಸ್ಪತ್ರೆಗೆ ಸೆನ್ಸರ್‌ಗಳು ಬಂದವು. ನಾಣ್ಯದಷ್ಟಗಲದ ಬಿಳಿ ಬಿಲ್ಲೆ, ತೋಳಿಗೆ ಅಂಟಿಸಿದರೆ ಎರಡು ವಾರ ಇರುತ್ತದೆ. ಶುಗರ್ ಇಳಿಯುತ್ತಿದ್ದಂತೆ ಫೋನಿನಲ್ಲಿ ಕೂಗುತ್ತದೆ. ಹೊರಗೆ ಕೊಳ್ಳುವುದು ನಮ್ಮ ಕೈಗೆಟುಕುವ ಮಾತಲ್ಲ. ಬಂದದ್ದು ಕೆಲವೇ ಮಕ್ಕಳಿಗೆ ಸಾಲುವಷ್ಟು. ಪದೇಪದೇ ಶುಗರ್ ಇಳಿದು ಲೋ ಆಗುವ ಮಕ್ಕಳನ್ನು ಪುಸ್ತಕ ನೋಡಿ ಆರಿಸಿ, ಪಟ್ಟಿ ಮಾಡುವ ಕೆಲಸ ಸಿಸ್ಟರಿಗೆ ಬಿತ್ತು.

"ನಿಮ್ ಹುಡ್ಗಿಗ್ಯಾಕಮ್ಮಾ? ಬುಕ್ ಚಿನ್ನದಂಗಿದೆ."

"ಲೋ ಆಗುತ್ತೆ ಸಿಸ್ಟರ್. ಬಸ್ ಸ್ಟಾಪಲ್ಲಿ ಬಿದ್ಲು."

"ಬುಕ್ಕಲ್ಲಿ ಎಲ್ಲಿದೆ?"

ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ. ಬಸ್ಸಿನಲ್ಲಿ ಮನೆ ತಲುಪುವವರೆಗೂ ಹಲ್ಲು ಕಡಿಯುತ್ತಿದ್ದೆ. ಸುಳ್ಳು ಬರೆದವಳು ನಾನೇ, ಒಪ್ಪುತ್ತೇನೆ. ನಿಜ ಬರೆದಾಗ ಸಾಲಿನ ಮುಂದೆ ನಿಲ್ಲಿಸಿ ಮಾನ ಕಳೆದವರು ಯಾರು? ಸುಳ್ಳು ಕಲಿಸಿ, ಅದಕ್ಕೆ ಶಹಭಾಸ್ ಹೇಳಿ, ಕೊನೆಗೆ ಅದೇ ಸುಳ್ಳನ್ನು ಹಿಡಿದು ನನ್ನ ಮಗಳ ತೋಳಿಗೆ ಬರುವುದನ್ನು ಕಿತ್ತುಕೊಂಡರು. ಬಿಡುವುದಿಲ್ಲ ಎಂದುಕೊಂಡೆ.

"ಬಡವನ ಕೋಪ ದವಡೆಗೆ ಮೂಲ ಕಣೇ," ಎಂದರು ಗಂಡ.

"ನನ್ ದವಡೆ ಗಟ್ಟಿಯಾಗೇ ಇದೆ," ಎಂದೆ.

ಮುಂದಿನ ತಿಂಗಳು ಪೂರ್ತಿ ನಿಜವನ್ನೇ ಬರೆಯುವುದು. ಹಳೆಯ ಸುಳ್ಳು ಪುಸ್ತಕಗಳನ್ನೂ ಕಟ್ಟಿಕೊಂಡು ಹೋಗಿ, ಸಿಸ್ಟರ್ ಮುಂದೆಯೇ ಡಾಕ್ಟರ ಮೇಜಿನ ಮೇಲೆ ಸುರಿಯುವುದು. ಏನೇನು ಹೇಳಬೇಕೆಂದು ಹೊಲಿಗೆ ಯಂತ್ರದ ಮುಂದೆ ಕೂತು ಅಭ್ಯಾಸ ಮಾಡಿದೆ. ಒಂದೊಂದು ಹುಕ್ಕು ಹಾಕುವಾಗಲೂ ಒಂದೊಂದು ಮಾತು ಸೇರಿಸಿದೆ. ನನ್ನ ಕೈಯಲ್ಲಿ ಬಟ್ಟೆ ಇರುತ್ತಿದ್ದರಿಂದ ಮಗಳು ಒಳಗೆ ಬೆರಳು ಚುಚ್ಚಿಕೊಂಡು ಅಂಕಿಯನ್ನು ಕೂಗಿ ಹೇಳುವಳು, ನಾನು ಬರೆಯುವೆ. ಜಾಸ್ತಿ ಬಂದರೆ "ಯಾರ್ ಮನೇಲಿ ಏನ್ ತಿಂದೆ?" ಎನ್ನುತ್ತಿದ್ದೆ. ಲೋ ಬಂದರೆ "ಇವತ್ತು ಥ್ರೋಬಾಲೂ ಇಲ್ಲ, ಏನೂ ಇಲ್ಲ, ಕೂತ್ಕೋ ಮನೇಲಿ." ಯಾವ ತಾಯಿಯಾದರೂ ಅಷ್ಟು ಹೇಳುತ್ತಾಳೆ. ವಿಚಿತ್ರವೆಂದರೆ ಆ ತಿಂಗಳು ಅಂಕಿಗಳು ಚೆನ್ನಾಗಿಯೇ ಬಂದವು. ಸೇಡಿಗೆ ಬೇಕಾದಷ್ಟು ಲೋ ಬರಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು. ಹೆತ್ತವಳಾಗಿ ಹಾಗೆ ಬೇಸರಪಟ್ಟದ್ದನ್ನು ಮುಚ್ಚಿಡುವುದಿಲ್ಲ.

ಆ ದಿನ ಆಸ್ಪತ್ರೆಯ ಸಾಲಿನಲ್ಲಿ ನನ್ನ ಹಿಂದೆ ಬಿ.ಟಿ.ಎಂ. ಬಡಾವಣೆಯಿಂದ ಬರುವ ಹುಬ್ಬಳ್ಳಿ ಕಡೆಯ ತಾಯಿಯೊಬ್ಬಳು ನಿಂತಿದ್ದಳು. ನನ್ನ ಪುಸ್ತಕಗಳ ಕಟ್ಟು ನೋಡಿ ವಿಷಯ ಕೇಳಿದಳು. ಹೇಳಿದೆ.

"ನಾನೂ ಹಂಗ ಬರೀತೀನ್ರಿ ಅಕ್ಕಾರ. ನಿಮ್ಮ ಬುಕ್ಕ ತೋರಿಸಿದ್ರಲ್ರಿ, ಅದನ್ನ ನೋಡಿ ಕಲಿತೆ."

ಇನ್ನೇನು ಬೇಕು? ಡಾಕ್ಟರ ಕೋಣೆಗೆ ಹೋದವಳೇ ಪುಸ್ತಕಗಳನ್ನು ಸುರಿದೆ. ಸಿಸ್ಟರ್ ಫೈಲು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಜಾಮೂನು, ಕಣ್ಣು, ಕಿಡ್ನಿ ಒಂದನ್ನೂ ಬಿಡದೆ ಹೇಳಿದೆ. ಈ ಹಳೆಯವೆಲ್ಲ ಸುಳ್ಳು, ಈ ತಿಂಗಳದ್ದೊಂದು ನಿಜ, ಹೆದರಿಕೆಗೆ ಇಲ್ಲಿ ಎಷ್ಟೋ ಜನ ಹೀಗೇ ಬರೆಯುತ್ತಾರೆ ಎಂದೆ. ಡಾಕ್ಟರಮ್ಮ ಕನ್ನಡಕ ತೆಗೆದು ಸಿಸ್ಟರ್ ಕಡೆ ತಿರುಗಿದರು.

"ಹೌದಾ ಸಿಸ್ಟರ್?"

ಸಿಸ್ಟರ್ ಇಂಗು ತಿಂದ ಮಂಗನ ಹಾಗಾದರು. ಮಾಡಿದ್ದುಣ್ಣೋ ಮಹರಾಯ. ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ, ಸೆನ್ಸರ್ ಮಾತು ಎತ್ತುವುದನ್ನೇ ಮರೆತೆ.

ಡಾಕ್ಟರಮ್ಮ ಮೀಟರು ಕೇಳಿದರು. ಬಂದ ಅಂಕಿಯೆಲ್ಲ ಅದರೊಳಗೇ ಉಳಿದಿರುತ್ತದೆ. ಬಟನ್ ಒತ್ತುತ್ತಾ ನನ್ನ ನಿಜದ ಪುಸ್ತಕದ ಜೊತೆ ಹೋಲಿಸಿದರು.

"ಹದಿನಾಲ್ಕನೇ ತಾರೀಕು ಸಂಜೆ ನೂರಿಪ್ಪತ್ತು ಅಂತ ಬರ್ದಿದ್ದೀರ. ಮೀಟರಲ್ಲಿ ಐವತ್ತೆರಡಿದೆ."

"ಮೀಟರ್ ಕೆಟ್ಟಿರ್ಬೇಕು ಮೇಡಂ."

"ಹದಿನಾರಕ್ಕೆ ನೂರ ಹತ್ತು. ಇಲ್ಲಿ ನಲವತ್ತೊಂಬತ್ತು. ಈ ತಿಂಗಳದ್ದು ನಿಜ ಅಂದ್ರಲ್ಲಾ?"

ಮಗಳು ನೆಲ ನೋಡುತ್ತಿದ್ದಳು.

"ನಾನೇ ಅಮ್ಮಂಗೆ ಬೇರೆ ಹೇಳ್ತಿದ್ದೆ."

"ಯಾಕ್ ಪುಟ್ಟಾ?"

"ಬೈತಾರೆ. ಆಟಕ್ಕೂ ಬಿಡಲ್ಲ."

ಕೋಣೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡುತ್ತಿದ್ದೆ. ಇಷ್ಟು ಲೋ ಇದ್ದರೆ ಇವಳಿಗೇ ಮೊದಲು ಎಂದು ಡಾಕ್ಟರಮ್ಮ ಪಟ್ಟಿಯಲ್ಲಿ ಹೆಸರು ಬರೆದರು. ಸೆನ್ಸರ್ ಅಂಟಿಸಿದ್ದು ಸಿಸ್ಟರೇ. ತೋಳು ಒರೆಸಿ, "ನೋಯಲ್ಲ ಕಂದಾ" ಎಂದು ಮೆಲ್ಲಗೆ ಒತ್ತಿದರು. ಅವರ ಕೈ ಹಗುರವಾಗಿತ್ತು. ಅದನ್ನೂ ನಾನು ಕ್ಷಮಿಸಿಲ್ಲ.

"ಲೋ ಆದಾಗ ಇವಳ ಜೊತೆ ಇನ್ನೊಬ್ರ ಫೋನಲ್ಲೂ ಕೂಗುತ್ತೆ," ಎಂದರು ಡಾಕ್ಟರಮ್ಮ. ನಾನು ಆಗಲೇ ಫೋನು ಮುಂದೆ ಚಾಚಿದ್ದೆ.

"ಅಮ್ಮಂಗ್ ಬೇಡ ಮೇಡಂ," ಎಂದಳು ಮಗಳು. "ನಮ್ ಸ್ಕೂಲ್ ಪಿ.ಟಿ. ಮಿಸ್‌ಗೆ ಹಾಕಿ. ಲೋ ಆದಾಗೆಲ್ಲ ಅವ್ರೇ ಗ್ಲೂಕೋಸ್ ಕೊಡೋದು."

ಸಿಸ್ಟರ್ ಪೆನ್ನು ತೆಗೆದರು. ಮಗಳು ಆ ಮಿಸ್ಸಿನ ನಂಬರಿನ ಹತ್ತೂ ಅಂಕಿಯನ್ನು ತಡವರಿಸದೆ ಹೇಳಿದಳು. ಬರೆದುಕೊಂಡ ಸಿಸ್ಟರ್ ಚೀಟಿಯನ್ನು ನನ್ನ ಮುಂದೆ ಹಿಡಿದು, ನಂಬರ್ ಸರಿಯಾಗಿದೆಯಾ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.