ಯಾರೂ ಬರಬಾರದ ದಾರಿ

ಅವನಿಗೆ ಇಳಿಜಾರಪ್ಪ ಎಂದು ಅಡ್ಡಹೆಸರಿಟ್ಟವರು ಅವನ ಭಾವಮೈದುನರೇ. ಯಾರ ಮನೆಗೆ ಹೋದರೂ ಮೊದಲು ಮೆಟ್ಟಿಲು ನೋಡುವವನು, ಆಮೇಲೆ ಮನೆಯವರ ಮುಖ ನೋಡುವವನು, ಇನ್ನೇನು ಹೆಸರಿಡಬೇಕು ಪಾಪ! ಗುಡ್ಡದ ಮೇಲಿನ ಕ್ವಾರಿಗಳಿಗೆ, ಕಾರ್ಖಾನೆಗಳಿಗೆ ಭಾರದ ಲಾರಿಗಳು ಹತ್ತಿಳಿಯುವ ರಸ್ತೆಗಳ ನಕ್ಷೆ ಬರೆಯುವುದು ಅವನ ಕಸುಬು. "ಹತ್ತೋಕಾಗದ ಲಾರಿ ಮುನಿಸಿಕೊಂಡು ನಿಲ್ಲುತ್ತೆ. ಇಳಿಯೋಕಾಗದ್ದು ನಿಲ್ಲೋದೇ ಇಲ್ಲ," ಎನ್ನುವುದು ಅವನ ಮಾತು. ಅವನು ಅರ್ಧ ಹೇಳುವಷ್ಟರಲ್ಲಿ ಹೆಂಡತಿ ಉಳಿದರ್ಧ ಹೇಳಿ ಮುಗಿಸುತ್ತಿದ್ದಳು.

ಒಂದು ಕಲ್ಲುಕ್ವಾರಿಯ ರಸ್ತೆಯ ವಿಷಯದಲ್ಲಿ ಅವನಿಗೂ ಕ್ವಾರಿಯ ಮಾಲೀಕನಿಗೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತಾಗಿತ್ತು. ಮಾಲೀಕನಿಗೆ ನೇರ ರಸ್ತೆ ಬೇಕು, ಡೀಸೆಲ್ ಉಳಿಯಬೇಕು. ಇವನು ಗುಡ್ಡವನ್ನು ಬಳಸಿ ಬಳಸಿ, ಇಳಿಜಾರನ್ನು ಸಣ್ಣ ಮಾಡಿ ಮಾಡಿ ಗೆರೆ ಎಳೆದ. ಅದೂ ಸಾಲದೆಂಬಂತೆ, ರಸ್ತೆ ಊರಿನ ಬೀದಿಗೆ ಸೇರುವ ಮೊದಲು, ಕೊನೆಯ ತಿರುವಿನ ಹತ್ತಿರ ಪಕ್ಕಕ್ಕೊಂದು ಕವಲು ಹಾಕಿದ. ಕವಲಿನ ಬಾಯಿ ಅಗಲ, ಸಮತಟ್ಟು. ಒಳಗೆ ಹೋದಂತೆ ಅದು ಮೇಲಕ್ಕೇರುತ್ತದೆ, ನೆಲದ ತುಂಬ ಹೊಳೆಯ ದುಂಡುಕಲ್ಲು. ಬ್ರೇಕ್ ಕೈಕೊಟ್ಟ ಲಾರಿ ಅದಕ್ಕೆ ನುಗ್ಗಿದರೆ ಚಕ್ರಗಳು ಕಲ್ಲಿನಲ್ಲಿ ಹೂತು, ಏರಿನಲ್ಲಿ ಸುಸ್ತಾಗಿ ತಾನೇ ನಿಲ್ಲಬೇಕು.

"ಎಲ್ಲಿಗೂ ಹೋಗದ ರಸ್ತೆಗೆ ಇಷ್ಟೊಂದು ಕಲ್ಲೇನ್ರಿ?" ಎಂದು ಮಾಲೀಕ ರೇಗಿದ.

"ಎಲ್ಲಿಗೂ ಹೋಗಬಾರದು ಅಂತಲೇ ಸಾರ್," ಎಂದ ಇಳಿಜಾರಪ್ಪ.

ಇಷ್ಟು ಜಾಣನಾದವನು ಒಂದು ಪೆದ್ದ ಕೆಲಸ ಮಾಡಿದ. ತಾಯಿಯಿಲ್ಲದ ಅವನನ್ನು ಸಾಕಿ, ಟೀ ಅಂಗಡಿಯ ಹೊಗೆ ಕುಡಿದು ಓದಿಸಿದವಳು ಅವನ ಅಕ್ಕ. ರಸ್ತೆ ಕೆಲಸ ನಡೆಯುತ್ತಿದ್ದಾಗ ಅವಳ ಬಾಡಿಗೆ ಅಂಗಡಿ ಕೈತಪ್ಪಿತು. "ಕೆಲಸ ಮುಗಿಯೋವರೆಗೂ ಇಲ್ಲೇ ಇಟ್ಕೋ ಅಕ್ಕ," ಎಂದು ಆ ಕವಲಿನ ಬಾಯನ್ನೇ ತೋರಿಸಿದ. ಕೆಲಸ ಮುಗಿಯಿತು, ಅಂಗಡಿ ಮಾತ್ರ ಬೇರುಬಿಟ್ಟಿತು. ತಗಡಿನ ಮಾಡು ಬಂತು, ಸಿಮೆಂಟಿನ ಬೆಂಚು ಬಂತು. ಗುಡ್ಡ ಇಳಿದ ಡ್ರೈವರುಗಳು ಅಲ್ಲಿ ಲಾರಿಯನ್ನು ಅಡ್ಡ ನಿಲ್ಲಿಸಿ, ಕತ್ತಿನ ಬೆವರೊರೆಸಿಕೊಂಡು, ಹಗುರಾಗಿ ಟೀ ಕುಡಿಯುತ್ತಿದ್ದರು. ಅಕ್ಕನಿಗೆ ಪುರುಸೊತ್ತೇ ಇಲ್ಲ.

ಇಳಿಜಾರಪ್ಪನಿಗದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಲೆಂದು ಹೋಗುವನು, ಟೀ ಕುಡಿದು ಬರುವನು. ಒಂದು ಸಂಜೆ ಅವನು ಬೆಂಚಿನ ಮೇಲೆ ಕುಳಿತಿದ್ದಾಗ ಲೋಡ್ ಲಾರಿಯೊಂದು ಹಾದುಹೋಯಿತು. ಹಿಂದೆಯೇ ಬ್ರೇಕ್ ಸುಟ್ಟ ವಾಸನೆ ಬಂತು. ಲಾರಿಗೇನೂ ಆಗಲಿಲ್ಲ. ಇವನು ಮಾತ್ರ ಟೀ ಲೋಟ ಕೆಳಗಿಟ್ಟು ಎದ್ದ.

"ಅಕ್ಕ, ಅಂಗಡಿ ಇಲ್ಲಿಂದ ತೆಗೀಬೇಕು."

"ಕೂರಿಸಿದೋನು ನೀನೇ ಅಲ್ವೇನೋ?"

"ಹೌದು, ತಪ್ಪು ನಂದೇ."

"ಇಷ್ಟು ದಿನದಲ್ಲಿ ಒಂದು ಲಾರಿಯಾದ್ರೂ ದಿಕ್ಕೆಟ್ಟು ನುಗ್ತಾ? ಬಂದೋರೆಲ್ಲ ನಗ್ತಾ ಟೀ ಕುಡಿದು ಹೋದ್ರು."

"ನುಗ್ಗೋದು ಹೇಳಿ ನುಗ್ಗಲ್ಲ ಅಕ್ಕ. ಆವಾಗ ನೀನು ಇಲ್ಲಿರ್ತೀಯ."

"ಮನೆಗೆ ಮಾರಿ, ಊರಿಗೆ ಉಪಕಾರಿ!" ಎಂದು ಅಕ್ಕ ಸೌಟು ಕುಕ್ಕಿದಳು.

ಅವನು ಗುಡ್ಡದ ನೆತ್ತಿಯಲ್ಲಿ ಒಂದು ಸಮತಟ್ಟು ಜಾಗ ಮಾಡಿಸಿದ. ಇಳಿಯುವ ಮುಂಚೆ ಪ್ರತಿ ಲಾರಿಯೂ ಅಲ್ಲಿ ನಿಂತು ಬ್ರೇಕ್ ನೋಡಿಕೊಳ್ಳಲೇಬೇಕು. ಮಾಲೀಕನ ಕಾಲು ಕೈ ಹಿಡಿದು ಅಲ್ಲೇ ಅಕ್ಕನಿಗೊಂದು ಅಂಗಡಿ ಕೋಣೆ ಹಾಕಿಸಿದ. ಅಕ್ಕ ಹೋದಳು, ಮಾತು ಬಿಟ್ಟಳು. ಅವನು ಹೋದಾಗಲೆಲ್ಲ ಮುಂದೆ ಟೀ ಇಟ್ಟು, ಬೆನ್ನು ತಿರುಗಿಸಿ ಲೋಟ ತೊಳೆಯುತ್ತಿದ್ದಳು. ಹೊರಡುವ ಅವಸರದ ಡ್ರೈವರುಗಳಿಗೆ ಬೆಂಚಿನ ಮೇಲೆ ಕೂರುವ ವ್ಯವಧಾನವಿರಲಿಲ್ಲ, ವ್ಯಾಪಾರ ಅರ್ಧಕ್ಕಿಳಿಯಿತು. ಅದನ್ನು ನೋಡಿ ಅವನಿಗೆ ಸಂಕಟವಾಗುತ್ತಿತ್ತು. ಬೈದರೂ ಸಹಿಸಿಕೊಂಡಾನು, ಆ ಬೆನ್ನನ್ನು ನೋಡಲಾರ. ತಾನು ಮಾಡಿದ್ದು ಸರಿ ಎಂದು ಗೊತ್ತಿದ್ದೂ, ಮನೆಗೆ ಬಂದು ಊಟ ಬಿಟ್ಟು ಮಲಗಿದ ದಿನಗಳಿವೆ.

ವರುಷ ಕಳೆದಿರಬೇಕು. ಒಂದು ಮಧ್ಯಾಹ್ನ ಅವನು ರಸ್ತೆ ನೋಡಲು ಬಂದರೆ, ಕೊನೆಯ ತಿರುವಿನಲ್ಲಿ ಜಗಳದ ಸದ್ದು. ಕವಲಿನ ಬಾಯಲ್ಲಿ ಪಂಕ್ಚರ್ ಹಾಕುವವನೊಬ್ಬ ಹಳೇ ಟೈರುಗಳನ್ನು ಪೇರಿಸಿ ಅಂಗಡಿ ಹೂಡಿದ್ದಾನೆ. ಅವನೆದುರು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಕ್ಕ! ಮೇಲೆ ಬಂದ ಡ್ರೈವರೊಬ್ಬ ಸುದ್ದಿ ಹೇಳಿದ್ದೇ ತಡ, ಒಲೆ ಆರಿಸಿ, ಸಿಕ್ಕಿದ ಲಾರಿ ಹತ್ತಿ ಇಳಿದುಬಂದಿದ್ದಳು.

"ಖಾಲಿ ಜಾಗ ಅಲ್ವೇನಮ್ಮ? ಯಾರಿಗೇನು ತೊಂದ್ರೆ?" ಎನ್ನುತ್ತಿದ್ದ ಪಂಕ್ಚರಿನವನು.

"ಖಾಲಿ ಇರೋದೇ ಅದರ ಕೆಲಸ ಕಣಪ್ಪ. ನನ್ನ ತಮ್ಮ ಒಡಹುಟ್ಟಿದ ಅಕ್ಕನ್ನೇ ಇಲ್ಲಿಂದ ಎಬ್ಬಿಸಿದಾನೆ. ನೀನ್ಯಾವ ದೊಡ್ಡ ಮನುಷ್ಯ?"

ಇಳಿಜಾರಪ್ಪ ಹತ್ತಿರ ಬಂದ. "ನೀನ್ಯಾಕಕ್ಕ ಅಲ್ಲಿಂದ ಇಲ್ಲೀವರೆಗೂ..." ಎಂದ.

ಅಕ್ಕ ಅವನ ಕಡೆ ತಿರುಗಿದಳು. "ಇಲ್ಲಿದ್ದಾಗ ಕ್ಷೇಮವಾಗಿ ಇಳಿದು ಬಂದೋರ ಮುಖ ಮಾತ್ರ ನೋಡ್ತಿದ್ದೆ ಕಣೋ. ಮೇಲೆ ಕೂತ್ರೆ, ಇಳಿಯೋ ಪ್ರತಿಯೊಬ್ಬನೂ ನನ್ನ ಕಣ್ಣೆದುರೇ ಹೊರಡ್ತಾನೆ. ಕೆಳಗೆ ಮುಟ್ಟಿದ್ನೋ ಇಲ್ವೋ ಅಂತ ನಂಗೆ ಯಾರು ಬಂದು ಹೇಳ್ತಾರೆ?"

ಅವನು ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕಿದ.

"ಅಳೋದೆಲ್ಲ ಆಮೇಲೆ," ಎಂದಳು ಅಕ್ಕ. "ನಾನು ಹೊರಟಾಗ ಒಬ್ಬ ಲೋಡ್ ಹಾಕ್ಕೊಂಡು ಟೀ ಕುಡೀತಿದ್ದ, ಈಗ ಇಳೀತಿರ್ತಾನೆ. ಹಿಡಿ, ಆ ಟೈರಿಗೆ ಕೈ ಹಾಕು."